ಶವರ್ ಕೊಳವೆ

ಶವರ್ ಕೊಳವೆ ಎಂಬುದು ಸ್ನಾನಗೃಹದ ನಲ್ಲಿ ಅಥವಾ ಮಿಕ್ಸರ್‌ನಿಂದ ಕೈಶವರಿಗೆ ನೀರನ್ನು ಒಯ್ಯುವ, ಬಾಗುವ ಗುಣವುಳ್ಳ ಕೊಳವೆಯಾಗಿದೆ. ಆಡುಮಾತಿನಲ್ಲಿ ಇದನ್ನು ಶವರ್ ಪೈಪ್, ಶವರ್ ಟ್ಯೂಬ್ ಅಥವಾ ಹೋಸ್ ಎಂದು ಕರೆಯುತ್ತಾರೆ. ಶೌಚಾಲಯದಲ್ಲಿ ಬಳಕೆಯಲ್ಲಿರುವ ಹೆಲ್ತ್ ಫಾಸೆಟ್‌ನ ಕೊಳವೆಯೂ ರಚನೆಯಲ್ಲಿ ಇದೇ ಬಗೆಯದು. ಕೊಳವೆ, ಅದರ ಎರಡು ತುದಿಗಳ ನಟ್‌ಗಳು, ನಟ್‌ಗಳೊಳಗಿನ ವಾಷರ್‌ಗಳು, ಗೋಡೆಯಿಂದ ಹೊರಚಾಚುವ ಶವರ್ ಆರ್ಮ್, ಆಂಗಲ್ ಕಾಕ್ ಹಾಗೂ ಕೈಶವರನ್ನು ಹಿಡಿದಿಡುವ ಬ್ರಾಕೆಟ್ ಇವೆಲ್ಲವನ್ನೂ ಒಟ್ಟಾಗಿ ಶವರ್ ಫಿಟಿಂಗ್‌ಗಳೆನ್ನಲಾಗುತ್ತದೆ.

ಮನೆಯ ನೀರಿನ ವ್ಯವಸ್ಥೆಯಲ್ಲಿ ಅತಿ ಬೇಗನೆ ಸವೆಯುವ ಭಾಗಗಳಲ್ಲಿ ಶವರ್ ಕೊಳವೆಯೂ ಒಂದು. ಇದನ್ನು ಬದಲಾಯಿಸಲು ಗೋಡೆ ಒಡೆಯಬೇಕಾಗಿಲ್ಲ, ವಿಶೇಷ ಉಪಕರಣವೂ ಬೇಕಿಲ್ಲ. ಆದರೆ ಶವರಿನ ಜೋಡಣೆಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ವಾಷರಿನಿಂದ ನೀರು ತಡೆದರೆ ಕೆಲವು ತಿರುಪಿನ ಸುತ್ತುಗಳಿಂದಲೇ ನೀರು ತಡೆಯುತ್ತವೆ. ಈ ವ್ಯತ್ಯಾಸವನ್ನು ಅರಿಯದೆ ಮಾಡಿದ ಬದಲಾವಣೆಯಿಂದ ಹೊಸ ಕೊಳವೆಯೂ ಸೋರಬಹುದು, ಕೆಲವೊಮ್ಮೆ ಗೋಡೆಯೊಳಗಿನ ಪೈಪಿಗೂ ಹಾನಿಯಾಗಬಹುದು.

ಹಿನ್ನೆಲೆ

ಮೇಲಿನಿಂದ ಬೀಳುವ ನೀರಿನಲ್ಲಿ ಮೀಯುವ ಪದ್ಧತಿ ಪ್ರಾಚೀನವಾದುದು. ಪ್ರಾಚೀನ ಗ್ರೀಸಿನ ಚಿತ್ರಿತ ಹೂಜಿಗಳಲ್ಲಿ ಗೋಡೆಯ ಬಾಯಿಗಳಿಂದ ಸುರಿಯುವ ನೀರಿನ ಕೆಳಗೆ ಸ್ನಾನ ಮಾಡುವವರ ಚಿತ್ರಗಳಿವೆ. ಯಾಂತ್ರಿಕ ಶವರಿಗೆ 1767ರಲ್ಲಿ ಲಂಡನ್ನಿನ ವಿಲಿಯಂ ಫೀಥಮ್ ಹಕ್ಕುಪತ್ರ ಪಡೆದನು. ಅದರಲ್ಲಿ ಕೈಪಂಪಿನಿಂದ ನೀರನ್ನು ತಲೆಯ ಮೇಲಿನ ಪಾತ್ರೆಗೆ ಏರಿಸಿ, ಸರಪಳಿ ಎಳೆದು ಸುರಿಸಿಕೊಳ್ಳಬೇಕಾಗಿತ್ತು. ಕೈಯಲ್ಲಿ ಹಿಡಿಯುವ ಶವರ್ 20ನೆಯ ಶತಮಾನದಲ್ಲಿ ಜನಬಳಕೆಗೆ ಬಂದಿತು. ಜರ್ಮನಿಯ ಶಿಲ್ಟಾಖ್‌ನ ಹಾನ್ಸ್‌ಗ್ರೋಹೆ ಸಂಸ್ಥೆಯು 1953ರಲ್ಲಿ, ಕೈಶವರನ್ನು ಬೇಕಾದ ಎತ್ತರದಲ್ಲಿ ನಿಲ್ಲಿಸಬಲ್ಲ ಗೋಡೆಕಂಬಿಯನ್ನು ರೂಪಿಸಿದ ಮೇಲೆ ಉದ್ದನೆಯ ಬಾಗುವ ಕೊಳವೆಯು ಶವರಿನ ಅನಿವಾರ್ಯ ಅಂಗವಾಯಿತು.

ಕರ್ನಾಟಕದ ಮನೆಗಳಲ್ಲಿ ಬಹುಕಾಲ ಬಚ್ಚಲುಮನೆಯ ಹಂಡೆಯಿಂದ ಬಿಸಿನೀರು ತೋಡಿಕೊಂಡು ಚೊಂಬಿನಿಂದ ಮೀಯುವುದೇ ರೂಢಿಯಾಗಿತ್ತು. ತಾರಸಿಯ ಮೇಲಿನ ನೀರಿನ ತೊಟ್ಟಿ, ವಿದ್ಯುತ್ ಗೀಸರ್, ಸೋಲಾರ್ ವಾಟರ್ ಹೀಟರ್‌ಗಳು ಬಂದಂತೆ ಶವರ್ ಕೂಡ ಪ್ರವೇಶಿಸಿತು. ಇಂದಿಗೂ ಒಂದೇ ಬಚ್ಚಲುಮನೆಯಲ್ಲಿ ಬಕೆಟ್ಟು, ಚೊಂಬು ಮತ್ತು ಕೈಶವರ್ ಮೂರೂ ಇರುವುದು ಸಾಮಾನ್ಯ. ಸುರಕ್ಷತೆಯ ದೃಷ್ಟಿಯಿಂದ ಈ ಸಂಗತಿಗೆ ಮಹತ್ವವಿದ್ದು, ಅದನ್ನು ಮುಂದೆ ವಿವರಿಸಲಾಗಿದೆ.

ರಚನೆ

ಶವರ್ ಕೊಳವೆಯಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳಿವೆ.

ಒಳಕೊಳವೆ: ನೀರು ಹರಿಯುವುದು ಇದರಲ್ಲಿಯೇ. ಇದನ್ನು ಪಿವಿಸಿ, ಇಪಿಡಿಎಂ ಎಂಬ ಕೃತಕ ರಬ್ಬರ್ ಅಥವಾ ಸಿಲಿಕೋನ್‌ನಿಂದ ತಯಾರಿಸುತ್ತಾರೆ. ಸಾಧಾರಣ ಪಿವಿಸಿಯು ಬಿಸಿನೀರಿನಲ್ಲಿ ಮೆತ್ತಗಾಗುತ್ತದೆ, ವರ್ಷಗಳು ಕಳೆದಂತೆ ಗಡುಸಾಗಿ ಬಿರುಕು ಬಿಡುತ್ತದೆ. ಇಪಿಡಿಎಂ ಮತ್ತು ಸಿಲಿಕೋನ್‌ಗಳು ಶಾಖವನ್ನು ಹೆಚ್ಚು ತಾಳಿಕೊಳ್ಳುತ್ತವೆ.

ಹೊರಕವಚ: ತುಕ್ಕುರಹಿತ ಉಕ್ಕಿನ ಅಥವಾ ಕ್ರೋಮ್ ಲೇಪಿತ ಹಿತ್ತಾಳೆಯ ಪಟ್ಟಿಯನ್ನು ಸುರುಳಿಯಾಗಿ ಸುತ್ತಿ, ಅಂಚಿಗೆ ಅಂಚು ಕೊಂಡಿ ಹಾಕಿದಂತೆ ಹೆಣೆದಿರುತ್ತಾರೆ. ಈ ಕವಚ ನೀರನ್ನು ತಡೆಯುವುದಿಲ್ಲ. ಒಳಕೊಳವೆ ಉಬ್ಬದಂತೆ, ಮಡಿಸಿಹೋಗದಂತೆ ಕಾಯುವುದಷ್ಟೇ ಅದರ ಕೆಲಸ. ಆದ್ದರಿಂದ ಕವಚದ ಸುರುಳಿಗಳ ನಡುವಿನಿಂದ ನೀರು ಜಿನುಗುತ್ತಿದ್ದರೆ ಒಳಕೊಳವೆ ಒಡೆದಿದೆಯೆಂದೇ ಅರ್ಥ. ಹೊರಗಿನಿಂದ ಟೇಪು ಸುತ್ತಿದರೆ ಅದು ನಿಲ್ಲದು.

ತುದಿಯ ನಟ್‌ಗಳು: ಸಾಮಾನ್ಯವಾಗಿ ಒಂದು ತುದಿಯಲ್ಲಿ ಆರು ಮುಖದ ನಟ್ಟು, ಇನ್ನೊಂದರಲ್ಲಿ ಶಂಕುವಿನಾಕಾರದ ನಟ್ಟು ಇರುತ್ತದೆ. ಆರು ಮುಖದ್ದು ಗೋಡೆಯ ಕಡೆಗೆ. ಶಂಕುವಿನಾಕಾರದ್ದು ಕೈಶವರಿನ ಕಡೆಗೆ, ಏಕೆಂದರೆ ಬ್ರಾಕೆಟ್‌ನ ಓರೆಯಾದ ಬಾಯಿಯಲ್ಲಿ ಕೂರುವುದು ಅದೇ. ತಿರುಗುಮುರುಗಾಗಿ ಜೋಡಿಸಿದರೂ ನೀರು ಬರುತ್ತದೆ, ಆದರೆ ಕೈಶವರ್ ಬ್ರಾಕೆಟ್‌ನಲ್ಲಿ ಸರಿಯಾಗಿ ನಿಲ್ಲುವುದಿಲ್ಲ.

ವಾಷರ್: ಪ್ರತಿ ನಟ್ಟಿನೊಳಗೆ ಕೂರುವ, ರಬ್ಬರಿನ ಅಥವಾ ನಾರಿನ ಚಪ್ಪಟೆ ಬಳೆ. ಇಡೀ ಜೋಡಣೆಯ ಬಿಗಿತ ಇದನ್ನೇ ಅವಲಂಬಿಸಿದೆ.

ಹೆಲ್ತ್ ಫಾಸೆಟ್‌ಗೆ 1 ಮೀಟರ್, ಕೈಶವರಿಗೆ 1.5 ಮೀಟರ್ ಉದ್ದದ ಕೊಳವೆಗಳು ಹೆಚ್ಚು ಪ್ರಚಲಿತ. ತುಂಬ ಗಿಡ್ಡದಾದ ಕೊಳವೆ ಎಳೆತಕ್ಕೆ ಸಿಕ್ಕಿ ನಟ್ಟಿನ ಬುಡದಲ್ಲಿ ಬೇಗ ಒಡೆಯುತ್ತದೆ. ತುಂಬ ಉದ್ದದ್ದು ನೆಲಕ್ಕೆ ತಾಗಿ ಕೊಳೆ ಹಿಡಿಯುತ್ತದೆ.

ಅಳತೆ

ಭಾರತದಲ್ಲಿ ಮಾರಾಟವಾಗುವ ಬಹುತೇಕ ಶವರ್ ಕೊಳವೆಗಳ ನಟ್ಟನ್ನು ಅರ್ಧ ಇಂಚಿನದೆಂದು ಕರೆಯುತ್ತಾರೆ. ಆದರೆ ಅದು ಕೂರುವ ತಿರುಪಿನ ಹೊರವ್ಯಾಸವನ್ನು ಅಳೆದರೆ ಸುಮಾರು 21 ಮಿಲಿಮೀಟರ್, ಅಂದರೆ ಮುಕ್ಕಾಲು ಇಂಚಿಗಿಂತ ಹೆಚ್ಚು ಬರುತ್ತದೆ. ಹಳೆಯ ಕಬ್ಬಿಣದ ಪೈಪುಗಳನ್ನು ಒಳವ್ಯಾಸದ ಲೆಕ್ಕದಲ್ಲಿ ಹೆಸರಿಸುತ್ತಿದ್ದುದೇ ಈ ಗೊಂದಲಕ್ಕೆ ಕಾರಣ. ಅಳತೆಪಟ್ಟಿ ಹಿಡಿದು ಮುಕ್ಕಾಲು ಇಂಚಿನ ಫಿಟಿಂಗ್ ಕೇಳಿ ತಂದವರು ಅಂಗಡಿಗೆ ಎರಡನೆಯ ಸಲ ಹೋಗಬೇಕಾಗುತ್ತದೆ. ಹಳೆಯ ಭಾಗವನ್ನೇ ಬಿಚ್ಚಿ ಜೊತೆಗೆ ಒಯ್ಯುವುದು ಸುಲಭವಾದ ಉಪಾಯ.

ಈ ತಿರುಪುಗಳು ಬ್ರಿಟಿಷ್ ಪೈಪ್ ಥ್ರೆಡ್ ಪದ್ಧತಿಗೆ ಸೇರಿವೆ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ, 55 ಡಿಗ್ರಿ ಕೋನದ ತಿರುಪಿನ ಮಾದರಿಯೇ ಇದಕ್ಕೆ ಮೂಲ. ಅಮೆರಿಕದ ಪೈಪ್ ಥ್ರೆಡ್‌ಗಳ ಕೋನ 60 ಡಿಗ್ರಿ. ಅರ್ಧ ಇಂಚಿನ ಅಳತೆಯಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತುಗಳೇ ಇರುವುದರಿಂದ ಒಂದು ಇನ್ನೊಂದರ ಮೇಲೆ ಕೂರುವಂತೆ ಕಾಣುತ್ತದೆ. ಆದರೂ ಸುತ್ತುಗಳ ಮೇಲೆಯೇ ನೀರು ತಡೆಯಬೇಕಾದ ಜೋಡಣೆಯಲ್ಲಿ ಇವೆರಡನ್ನು ಬೆರೆಸಿದರೆ ಸೋರಿಕೆ ಉಂಟಾಗುತ್ತದೆ. ಅಮೆರಿಕದಲ್ಲಿರುವ ಬಂಧುಗಳು ತಂದುಕೊಟ್ಟ ಶವರ್ ಭಾಗಗಳನ್ನು ಇಲ್ಲಿ ಅಳವಡಿಸುವಾಗ ಇದನ್ನು ಗಮನಿಸಬೇಕಾಗುತ್ತದೆ.

ಜೋಡಣೆಯ ಎರಡು ಬಗೆ

ವಾಷರ್ ಜೋಡಣೆ: ಕೊಳವೆಯ ಎರಡೂ ತುದಿಗಳು ಈ ಬಗೆಯವು. ಇಲ್ಲಿ ತಿರುಪಿನ ಸುತ್ತುಗಳು ನೀರನ್ನು ತಡೆಯುವುದಿಲ್ಲ. ಅವು ನಟ್ಟನ್ನು ಎಳೆದು ವಾಷರನ್ನು ಎದುರಿನ ಚಪ್ಪಟೆ ಅಂಚಿಗೆ ಒತ್ತುತ್ತವೆ ಅಷ್ಟೆ. ಇಂಥ ಥ್ರೆಡ್‌ಗಳಿಗೆ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 228-1, ಭಾರತೀಯ ಮಾನಕ ಐಎಸ್ 2643. ಈ ಜೋಡಣೆಗೆ ಟೆಫ್ಲಾನ್ ಟೇಪು ಬೇಕಾಗಿಲ್ಲ. ಟೇಪು ಸುತ್ತಿದರೆ ನಟ್ಟು ಪೂರ್ತಿ ಒಳಕ್ಕೆ ಹೋಗುವ ಮೊದಲೇ ಬಿಗಿಯಾದಂತೆ ತೋರಿ, ವಾಷರ್ ಒತ್ತಿಕೊಳ್ಳದೆ ಉಳಿಯಬಹುದು.

ಥ್ರೆಡ್ ಜೋಡಣೆ: ಶವರ್ ಆರ್ಮ್ ಅಥವಾ ಆಂಗಲ್ ಕಾಕ್ ಗೋಡೆಯೊಳಗಿನ ಎಲ್ಬೋಗೆ ಸೇರುವುದು ಈ ಬಗೆಯಲ್ಲಿ. ಇಲ್ಲಿ ವಾಷರ್ ಇರುವುದಿಲ್ಲ. ಸುತ್ತುಗಳ ನಡುವಿನ ಸಂದುಗಳನ್ನು ಟೇಪು ಅಥವಾ ಸೆಣಬಿನ ನಾರು ತುಂಬಿ ನೀರನ್ನು ತಡೆಯುತ್ತದೆ. ಇದಕ್ಕೆ ಅನ್ವಯಿಸುವ ಮಾನಕಗಳು ಐಎಸ್‌ಒ 7-1 ಮತ್ತು ಐಎಸ್ 554. ಟೆಫ್ಲಾನ್ ಎಂಬ ಹೆಸರಿನಿಂದ ಪರಿಚಿತವಾದ ಪಿಟಿಎಫ್‌ಇ ವಸ್ತುವನ್ನು 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಕಂಡುಹಿಡಿದನು. ಇದರ ಟೇಪು ಬರುವ ಮೊದಲು ಸೆಣಬಿನ ನಾರಿಗೆ ಬಿಳಿ ಪೇಸ್ಟ್ ಹಚ್ಚಿ ಸುತ್ತುವುದೇ ಕೊಳಾಯಿ ಕೆಲಸದವರ ಕ್ರಮವಾಗಿತ್ತು.

ಸಂಕ್ಷೇಪವಾಗಿ ಹೇಳುವುದಾದರೆ, ವಾಷರ್ ಇರುವಲ್ಲಿ ಟೇಪು ಬೇಡ, ವಾಷರ್ ಇಲ್ಲದಲ್ಲಿ ಟೇಪು ಬೇಕು.

ಹಾಳಾಗುವ ಕಾರಣಗಳು

ಒತ್ತಡ: ನೀರಿನ ಕಂಬದ ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ ಉಂಟಾಗುತ್ತದೆ. ತೊಟ್ಟಿಯು ಶವರಿಗಿಂತ 3 ಮೀಟರ್ ಮೇಲಿರುವ ಒಂದಂತಸ್ತಿನ ಮನೆಯಲ್ಲಿ ಒತ್ತಡ ಸುಮಾರು 0.3 ಬಾರ್ ಮಾತ್ರ. ತೊಟ್ಟಿಯಿಂದ 45 ಮೀಟರ್ ಕೆಳಗಿರುವ ಅಪಾರ್ಟ್‌ಮೆಂಟ್ ಮನೆಯಲ್ಲಿ, ಒತ್ತಡ ತಗ್ಗಿಸುವ ಕವಾಟವಿಲ್ಲದಿದ್ದರೆ, ಅದು ಸುಮಾರು 4.5 ಬಾರ್, ಅಂದರೆ ಹದಿನೈದು ಪಟ್ಟು. ಹೀಗಾಗಿ ಒಂದು ಮನೆಯಲ್ಲಿ ವರ್ಷಗಟ್ಟಲೆ ಬಾಳಿದ ಕೊಳವೆಯು ಇನ್ನೊಂದು ಮನೆಯಲ್ಲಿ ಬೇಗನೆ ಒಡೆಯಬಹುದು.

ಸದಾ ತೆರೆದ ಆಂಗಲ್ ಕಾಕ್: ಸ್ನಾನದ ಶವರಿನಲ್ಲಿ ನೀರನ್ನು ನಿಲ್ಲಿಸುವುದು ಕೊಳವೆಗಿಂತ ಮೊದಲೇ ಇರುವ ಮಿಕ್ಸರ್. ಆದ್ದರಿಂದ ಬಳಕೆಯಿಲ್ಲದಾಗ ಕೊಳವೆಯ ಮೇಲೆ ಒತ್ತಡವಿರುವುದಿಲ್ಲ. ಹೆಲ್ತ್ ಫಾಸೆಟ್‌ನಲ್ಲಿ ನೀರು ನಿಲ್ಲುವುದು ಕೊಳವೆಯ ಕೊನೆಯಲ್ಲಿರುವ ಗುಂಡಿಯಿಂದ. ಆಂಗಲ್ ಕಾಕ್ ತೆರೆದೇ ಇದ್ದರೆ ಕೊಳವೆಯು ಹಗಲಿರುಳು ಒತ್ತಡದಲ್ಲಿರುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ಅದು ಒಡೆದರೆ ತಾರಸಿಯ ತೊಟ್ಟಿಯೇ ಬರಿದಾಗಬಹುದು. ಊರಿಗೆ ಹೋಗುವಾಗ ಆಂಗಲ್ ಕಾಕ್ ಮುಚ್ಚಿ, ಗುಂಡಿಯೊತ್ತಿ ಉಳಿದ ನೀರನ್ನು ಬಿಟ್ಟುಬಿಡುವುದು ಕ್ಷೇಮ.

ಗಡಸು ನೀರು: ಕೊಳವೆಬಾವಿಯ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿರುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 600 ಮಿಲಿಗ್ರಾಂವರೆಗೆ ಅನುಮತಿಯಿದೆ. ಇಂಥ ನೀರು ಕಾದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ವಿಭಜನೆಗೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಹಕ್ಕಳೆಗಟ್ಟುತ್ತದೆ. ಜನರು ಉಪ್ಪು ಕಟ್ಟುವುದು ಎನ್ನುವುದು ಇದನ್ನೇ. ಇದು ಶವರಿನ ರಂಧ್ರಗಳನ್ನು ಮುಚ್ಚುತ್ತದೆ, ನಟ್ಟನ್ನು ಥ್ರೆಡ್‌ಗೆ ಅಂಟಿಸುತ್ತದೆ.

ಅತಿಬಿಗಿತ: ಸೋರುವ ನಟ್ಟನ್ನು ಇನ್ನಷ್ಟು ಬಿಗಿಮಾಡುವುದು ಸಾಮಾನ್ಯ ಪ್ರವೃತ್ತಿ. ಗಡುಸಾಗಿ ಹೋದ ವಾಷರ್ ಇದರಿಂದ ಸೀಳುತ್ತದೆ, ಪ್ಲಾಸ್ಟಿಕ್ ನಟ್ಟು ಬಿರಿಯುತ್ತದೆ.

ದೋಷವನ್ನು ಗುರುತಿಸುವುದು

ಕೊಳವೆಯನ್ನು ಕೊಳ್ಳುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ತಿಳಿಯಬೇಕು. ಎಲ್ಲ ಜೋಡಣೆಗಳನ್ನೂ ಒಣಬಟ್ಟೆಯಿಂದ ಒರೆಸಿ, ಕಾಗದದ ಚೂರನ್ನು ಒಂದೊಂದಕ್ಕೂ ತಾಗಿಸಿ ನೋಡಿದರೆ ತೇವದ ಮೂಲ ಸಿಗುತ್ತದೆ.

- ನಟ್ಟಿನ ಅಂಚಿನಿಂದ ಹನಿ ಬಿದ್ದರೆ: ಸಾಮಾನ್ಯವಾಗಿ ವಾಷರ್ ಮಾತ್ರ ಬದಲಾಯಿಸಿದರೆ ಸಾಕು.
- ಕವಚದ ಸುರುಳಿಗಳಿಂದ ಜಿನುಗಿದರೆ: ಒಳಕೊಳವೆ ಒಡೆದಿದೆ, ಕೊಳವೆಯನ್ನೇ ಬದಲಾಯಿಸಬೇಕು.
- ನೀರು ಸಣ್ಣಗೆ ಬಂದರೆ: ರಂಧ್ರಗಳಲ್ಲಿ ಹಕ್ಕಳೆ, ವಾಷರಿನ ಜಾಲರಿಯಲ್ಲಿ ಕಸ ಅಥವಾ ಒಳಕೊಳವೆ ಮಡಿಸಿರುವುದು ಕಾರಣ.
- ಮಿಕ್ಸರ್ ಮುಚ್ಚಿದ ಮೇಲೂ ಬಹಳ ಹೊತ್ತು ಹನಿ ನಿಲ್ಲದಿದ್ದರೆ: ದೋಷ ಮಿಕ್ಸರ್‌ನ ಒಳಗಿದೆ, ಹೊಸ ಕೊಳವೆಯಿಂದ ಪ್ರಯೋಜನವಿಲ್ಲ.
- ಗೋಡೆಯ ಹಿಂಬದಿಯಲ್ಲಿ ಅಥವಾ ಕೆಳಗಿನ ಮನೆಯ ಚಾವಣಿಯಲ್ಲಿ ತೇವ ಕಂಡರೆ: ಗೋಡೆಯೊಳಗಿನ ಜೋಡಣೆ ಸೋರುತ್ತಿರಬಹುದು, ಕೊಳಾಯಿ ಕೆಲಸದವರ ನೆರವು ಅಗತ್ಯ.

ಕೊಳವೆ ಬದಲಾಯಿಸುವ ಕ್ರಮ

1. ಗೀಸರಿನ ವಿದ್ಯುತ್ ಸ್ವಿಚ್ಚನ್ನು ಆರಿಸಿ, ಮಿಕ್ಸರ್ ಅಥವಾ ಆಂಗಲ್ ಕಾಕನ್ನು ಮುಚ್ಚಬೇಕು. ಅದು ಪೂರ್ತಿ ಮುಚ್ಚಿಕೊಳ್ಳದಿದ್ದರೆ ತೊಟ್ಟಿಯಿಂದ ಬರುವ ಗೇಟ್ ವಾಲ್ವನ್ನು ಮುಚ್ಚಬೇಕು.
2. ಬಚ್ಚಲಿನ ಜಾಲರಿಯ ಮೇಲೆ ಬಟ್ಟೆ ಹಾಸಬೇಕು. ಜಾರಿಬಿದ್ದ ವಾಷರ್ ಚರಂಡಿ ಸೇರದಂತೆ ಇದು ತಡೆಯುತ್ತದೆ.
3. ನಟ್ಟನ್ನು ಮೊದಲು ಕೈಯಿಂದಲೇ ಸಡಿಲಿಸಲು ಯತ್ನಿಸಬೇಕು. ಬಾರದಿದ್ದರೆ ಬಟ್ಟೆ ಸುತ್ತಿ ಸ್ಪ್ಯಾನರ್ ಹಿಡಿಯಬೇಕು. ಬರಿಯ ಪೈಪ್ ರೆಂಚ್‌ನ ಹಲ್ಲುಗಳು ಕ್ರೋಮ್ ಲೇಪವನ್ನು ಕೀಳುತ್ತವೆ. ಕೆಳಮುಖವಾದ ಬಾಯಿಗೆ ಸೇರಿದ ನಟ್ಟನ್ನು ಮೇಲಿನಿಂದ ನೋಡುವವರಿಗೆ ಸಡಿಲಿಸುವ ದಿಕ್ಕು ತಿರುವುಮುರುವಾಗಿ ಕಾಣುತ್ತದೆ. ಕೆಳಗಿನಿಂದ ಮೇಲಕ್ಕೆ ನೋಡಿದಾಗ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕೇ ಸಡಿಲಿಸುವ ದಿಕ್ಕು.
4. ನಟ್ಟನ್ನು ಬಿಚ್ಚುವಾಗ ಇನ್ನೊಂದು ಕೈಯಿಂದ ಮಿಕ್ಸರ್‌ನ ಬಾಯಿಯನ್ನು ಅಥವಾ ಆಂಗಲ್ ಕಾಕನ್ನು ಅಲುಗದಂತೆ ಹಿಡಿದಿರಬೇಕು. ಅದು ನಟ್ಟಿನೊಂದಿಗೆ ತಿರುಗಿದರೆ ಗೋಡೆಯೊಳಗಿನ ಜೋಡಣೆ ಸಡಿಲವಾಗುತ್ತದೆ.
5. ಹಳೆಯ ವಾಷರ್ ಬಾಯಿಗೆ ಅಂಟಿಕೊಂಡು ಉಳಿದಿದೆಯೇ ಎಂದು ನೋಡಿ ತೆಗೆಯಬೇಕು. ಹಳೆಯದರ ಮೇಲೆ ಹೊಸದನ್ನು ಕೂರಿಸಿದರೆ ಎರಡೂ ವಾರೆಯಾಗಿ ಸೋರುತ್ತವೆ. ಥ್ರೆಡ್‌ಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಶುಚಿಗೊಳಿಸಬೇಕು.
6. ಹೊಸ ಕೊಳವೆಯನ್ನು ಕೂರಿಸುವ ಮೊದಲು ನಲ್ಲಿಯನ್ನು ಕ್ಷಣಕಾಲ ತೆರೆದು, ಸಡಿಲಗೊಂಡ ಮರಳು ಮತ್ತು ಹಕ್ಕಳೆಯ ಚೂರುಗಳನ್ನು ಹರಿಯಬಿಡಬೇಕು.
7. ಎರಡೂ ನಟ್‌ಗಳೊಳಗೆ ವಾಷರ್ ಸಮತಟ್ಟಾಗಿ ಕುಳಿತಿದೆಯೆಂದು ಖಚಿತಪಡಿಸಿಕೊಂಡು ಕೈಯಿಂದ ಬಿಗಿಯಬೇಕು. ನಟ್ಟು ಮೊದಲ ಸುತ್ತಿನಿಂದಲೇ ಹಗುರವಾಗಿ ತಿರುಗಬೇಕು. ಬಲ ಬೇಕಾದರೆ ಸುತ್ತು ವಾರೆಯಾಗಿ ಹಿಡಿದಿದೆಯೆಂದು ತಿಳಿದು, ಹಿಂದಕ್ಕೆ ತಿರುಗಿಸಿ ಮತ್ತೆ ಕೂರಿಸಬೇಕು.
8. ನೀರು ಬಿಟ್ಟು ನೋಡಿ, ಹನಿ ಕಂಡರೆ ಮಾತ್ರ ಸ್ಪ್ಯಾನರ್‌ನಿಂದ ಕಾಲು ಸುತ್ತಿನಷ್ಟು ಬಿಗಿಯಬೇಕು. ಅಷ್ಟಕ್ಕೂ ನಿಲ್ಲದಿದ್ದರೆ ದೋಷ ವಾಷರಿನಲ್ಲಿದೆ, ಬಿಗಿತದಲ್ಲಿಲ್ಲ.

ಶವರ್ ಆರ್ಮ್ ಬದಲಾವಣೆ

ಗೋಡೆಯಿಂದ ಚಾಚಿದ ಆರ್ಮನ್ನು ಬದಲಾಯಿಸುವುದು ಹೆಚ್ಚು ಎಚ್ಚರಿಕೆಯ ಕೆಲಸ. ಇಲ್ಲಿ ತೊಟ್ಟಿಯ ಗೇಟ್ ವಾಲ್ವನ್ನು ಮುಚ್ಚಿರುವುದು ಉತ್ತಮ. ಹಳೆಯ ಮನೆಗಳಲ್ಲಿ ಗೋಡೆಯೊಳಗಿರುವುದು ಜಿಐ ಪೈಪು. ಅದರ ಎಲ್ಬೋ ತುಕ್ಕು ಹಿಡಿದು ಆರ್ಮ್ ಕಚ್ಚಿಕೊಂಡಿರಬಹುದು. ಹೊಸ ಮನೆಗಳಲ್ಲಿ ಸಿಪಿವಿಸಿ ಪೈಪಿಗೆ ಹಿತ್ತಾಳೆಯ ಥ್ರೆಡ್ ಕೂರಿಸಿದ ಎಲ್ಬೋ ಇರುತ್ತದೆ. ಅದರ ಮೇಲೆ ಅತಿಯಾದ ಬಲ ಹಾಕಿದರೆ ಹಿತ್ತಾಳೆಯ ಭಾಗವೇ ಪ್ಲಾಸ್ಟಿಕ್‌ನೊಳಗೆ ಸಡಿಲವಾಗಬಹುದು. ಆ ಸೋರಿಕೆ ಟೈಲ್ಸ್‌ನ ಹಿಂದೆ ನಡೆಯುವುದರಿಂದ ತಿಂಗಳುಗಟ್ಟಲೆ ಗಮನಕ್ಕೆ ಬಾರದೆ ಗೋಡೆಯನ್ನು ತೋಯಿಸುತ್ತಿರುತ್ತದೆ. ಸಾಧಾರಣ ಬಲಕ್ಕೆ ಬಾರದ ಆರ್ಮನ್ನು ಅನುಭವಿಗಳಿಗೆ ಬಿಡುವುದು ವಿವೇಕ.

ಹೊಸ ಆರ್ಮ್‌ನ ಥ್ರೆಡ್‌ಗೆ ಟೇಪನ್ನು, ತುದಿಯಿಂದ ನೋಡಿದಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ, ಎಳೆದು ಹಿಡಿದು ಸುತ್ತಬೇಕು. ವಿರುದ್ಧ ದಿಕ್ಕಿನಲ್ಲಿ ಸುತ್ತಿದ ಟೇಪು ತಿರುಪುವಾಗ ಬಿಚ್ಚಿಕೊಳ್ಳುತ್ತದೆ. ಬಿಗಿಯಾದ ಮೇಲೆ ಆರ್ಮನ್ನು ನೇರಗೊಳಿಸಲು ಹಿಂದಕ್ಕೆ ತಿರುಗಿಸಬಾರದು. ತಿರುಗಿಸಿದರೆ ಟೇಪು ಹರಿದು ಸೋರುವುದರಿಂದ ಹೊಸದಾಗಿ ಸುತ್ತಬೇಕಾಗುತ್ತದೆ. ಕೆಲವು ತೈಲಮೂಲದ ಪೇಸ್ಟ್‌ಗಳು ಸಿಪಿವಿಸಿಯನ್ನು ಬಿರಿಯುವಂತೆ ಮಾಡುವುದರಿಂದ ಅಂಥಲ್ಲಿ ಟೇಪೇ ಸೂಕ್ತ.

ಹಕ್ಕಳೆ ತೆಗೆಯುವುದು

ಕ್ಯಾಲ್ಸಿಯಂ ಕಾರ್ಬೊನೇಟ್ ಸೌಮ್ಯವಾದ ಆಮ್ಲಗಳಲ್ಲಿ ಕರಗುತ್ತದೆ. ವಿನಿಗರ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ ಅಥವಾ ನಿಂಬೆ ಉಪ್ಪನ್ನು ನೀರಿನಲ್ಲಿ ಕರಗಿಸಿ, ಬಿಚ್ಚಿದ ಕೈಶವರನ್ನು ಅರ್ಧ ಗಂಟೆ ಅದ್ದಿಟ್ಟು ಉಜ್ಜಿ ತೊಳೆದರೆ ರಂಧ್ರಗಳು ತೆರೆದುಕೊಳ್ಳುತ್ತವೆ. ಹಿತ್ತಾಳೆಯ ಪಾತ್ರೆಗಳನ್ನು ಹುಣಸೆಹಣ್ಣಿನಿಂದ ಬೆಳಗುವ ರೂಢಿಯ ಹಿಂದೆಯೂ ಆಮ್ಲದ ಗುಣವೇ ಕೆಲಸ ಮಾಡುತ್ತದೆ. ಶೌಚಾಲಯ ತೊಳೆಯುವ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲದ ದ್ರಾವಣಗಳನ್ನು ಇದಕ್ಕೆ ಬಳಸಬಾರದು. ಅವು ಕ್ರೋಮ್ ಲೇಪವನ್ನೂ ಉಕ್ಕಿನ ಕವಚವನ್ನೂ ತಿನ್ನುತ್ತವೆ. ಯಾವುದೇ ಆಮ್ಲವನ್ನು ಬ್ಲೀಚಿನೊಂದಿಗೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಶಹಾಬಾದ್ ಕಲ್ಲು, ಕಡಪ ಕಲ್ಲು ಮತ್ತು ಅಮೃತಶಿಲೆಗಳೂ ಸುಣ್ಣದ ಅಂಶದವೇ ಆದ್ದರಿಂದ, ಅವುಗಳ ನೆಲದ ಮೇಲೆ ವಿನಿಗರ್ ಚೆಲ್ಲಿದರೆ ಕಲೆ ಉಳಿಯುತ್ತದೆ.

ಆರೋಗ್ಯ ಮತ್ತು ಸುರಕ್ಷತೆ

ಲೀಜನೆಲ್ಲಾ: 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆದ ಮಾಜಿ ಸೈನಿಕರ ಸಮಾವೇಶದಲ್ಲಿ ಹರಡಿದ ತೀವ್ರ ನ್ಯುಮೋನಿಯಾದ ಅಧ್ಯಯನದಿಂದ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. ಇದು 20ರಿಂದ 45 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನಿಂತ ನೀರಿನಲ್ಲಿ, ವಿಶೇಷವಾಗಿ ಲೋಳೆ ಮತ್ತು ಹಕ್ಕಳೆಯ ಆಸರೆಯಲ್ಲಿ ಬೆಳೆಯುತ್ತದೆ. ಸೂಕ್ಷ್ಮ ಹನಿಗಳನ್ನು ಉಸಿರಾಡಿದಾಗ ಶ್ವಾಸಕೋಶ ಸೇರುತ್ತದೆ. ವೃದ್ಧರು, ಧೂಮಪಾನಿಗಳು ಮತ್ತು ರೋಗನಿರೋಧಕ ಶಕ್ತಿ ಕುಂದಿದವರಿಗೆ ಅಪಾಯ ಹೆಚ್ಚು. ಹೆಚ್ಚು ಬಳಸದ ಶವರುಗಳಲ್ಲಿ ವಾರಕ್ಕೊಮ್ಮೆ ನೀರು ಹರಿಸುವುದು, ಶವರ್ ತಲೆ ಮತ್ತು ಕೊಳವೆಗಳನ್ನು ಮೂರು ತಿಂಗಳಿಗೊಮ್ಮೆ ಬಿಚ್ಚಿ ಶುಚಿಗೊಳಿಸುವುದು ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಪ್ರಾಧಿಕಾರದ ಸಲಹೆ. ಬಹುದಿನ ಮುಚ್ಚಿದ್ದ ಮನೆಗೆ ಮರಳಿದಾಗ ಶವರ್ ತಲೆಯನ್ನು ನೆಲದ ಹತ್ತಿರ ಹಿಡಿದು, ಹನಿ ಚಿಮ್ಮದಂತೆ ಕೆಲವು ನಿಮಿಷ ನೀರು ಬಿಡುವುದು ಒಳ್ಳೆಯದು.

ಹಿಮ್ಮುಖ ಹರಿವು: ಕೈಶವರನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ನಲ್ಲಿಯನ್ನು ತೆರೆದಿಟ್ಟಿರುವಾಗ ಪೈಪಿನಲ್ಲಿ ಒತ್ತಡ ಕುಸಿದರೆ, ಬಕೆಟ್ಟಿನ ಕೊಳೆನೀರು ಹಿಮ್ಮುಖವಾಗಿ ಪೈಪಿನೊಳಗೆ ಹೀರಲ್ಪಡಬಹುದು. ತೊಟ್ಟಿ ಬರಿದಾದಾಗ ಕೆಳಅಂತಸ್ತಿನಲ್ಲಿ ನಲ್ಲಿ ತೆರೆದರೆ ಹೀಗಾಗುವ ಸಂಭವವಿದೆ. ಹೆಲ್ತ್ ಫಾಸೆಟ್‌ನ ವಿಷಯದಲ್ಲಿ ಇದು ಇನ್ನೂ ಗಂಭೀರ. ಕೊಳವೆಯ ಬಾಯಿ ಯಾವಾಗಲೂ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಹಿಂದಕ್ಕೆ ಹರಿಯಗೊಡದ ಕವಾಟವನ್ನು ಅಳವಡಿಸುವುದು ಹೆಚ್ಚಿನ ರಕ್ಷಣೆ.

ಗುಂಡಿಯಿರುವ ಕೈಶವರ್: ಬಿಸಿನೀರಿನ ಮಿಕ್ಸರ್‌ಗೆ ಗುಂಡಿಯಿರುವ ಕೈಶವರನ್ನು ಜೋಡಿಸಿ, ಮಿಕ್ಸರನ್ನು ತೆರೆದಿಟ್ಟು ಗುಂಡಿಯಿಂದ ಮಾತ್ರ ನೀರು ನಿಲ್ಲಿಸಿದರೆ, ಬಿಸಿ ಮತ್ತು ತಣ್ಣೀರಿನ ಪೈಪುಗಳ ನಡುವೆ ನೀರು ಅಡ್ಡಹರಿಯುತ್ತದೆ, ಕೊಳವೆಯ ಮೇಲೂ ಒತ್ತಡ ಉಳಿಯುತ್ತದೆ. ಹೊರದಾರಿಯನ್ನು ಮುಚ್ಚಬಾರದೆಂದು ತಯಾರಕರು ಸೂಚಿಸಿರುವ ಗೀಸರುಗಳಿಗೆ ಇಂಥ ಕೈಶವರ್ ಅಪಾಯಕಾರಿ.

ವಿದ್ಯುತ್: ಶವರನ್ನು ಮುಟ್ಟಿದಾಗ ಕೈ ಜುಮ್ಮೆಂದರೆ ಅದು ಕೊಳವೆಯ ದೋಷವಲ್ಲ. ಗೀಸರಿನ ವಿದ್ಯುತ್ ಸೋರಿಕೆ ಮತ್ತು ಅರ್ಥಿಂಗ್ ದೋಷದ ಲಕ್ಷಣವಾಗಿರಬಹುದು. ತಕ್ಷಣ ಸ್ನಾನ ನಿಲ್ಲಿಸಿ, ಮುಖ್ಯ ಸ್ವಿಚ್ಚನ್ನು ಆರಿಸಿ, ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷಿಸದೆ ಮತ್ತೆ ಬಳಸಬಾರದು.

ನೀರಿನ ಉಳಿತಾಯ ಮತ್ತು ವಿಲೇವಾರಿ

20 ಹನಿಗಳಿಗೆ 1 ಮಿಲಿಲೀಟರ್ ಎಂದು ಲೆಕ್ಕ ಹಿಡಿದರೆ, ಸೆಕೆಂಡಿಗೆ ಒಂದು ಹನಿ ಸೋರುವ ಜೋಡಣೆಯಿಂದ ದಿನಕ್ಕೆ ಸುಮಾರು 4.3 ಲೀಟರ್, ವರ್ಷಕ್ಕೆ 1,500 ಲೀಟರಿಗೂ ಹೆಚ್ಚು ನೀರು ವ್ಯರ್ಥವಾಗುತ್ತದೆ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರಗೊಂಡಾಗ ಬೆಂಗಳೂರು ಜಲಮಂಡಳಿಯು ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರಿಯೇಟರ್ ಅಳವಡಿಸುವುದನ್ನು ಕಡ್ಡಾಯಗೊಳಿಸಿತ್ತು. ಮನೆಯ ಶವರಿನಲ್ಲಿಯೂ ಹರಿವು ತಗ್ಗಿಸುವ ಬಿಲ್ಲೆಯನ್ನು ಕೊಳವೆಯ ನಟ್ಟಿನೊಳಗೆ ಕೂರಿಸಬಹುದು. ಆದರೆ ಒತ್ತಡ ಕಡಿಮೆಯಿರುವ ಒಂದಂತಸ್ತಿನ ಮನೆಗಳಲ್ಲಿ ಅದರಿಂದ ಶವರ್ ಸರಿಯಾಗಿ ಚಿಮ್ಮದು.

ಬದಲಾಯಿಸಿದ ಹಳೆಯ ಕೊಳವೆಯ ಹಿತ್ತಾಳೆಯ ನಟ್‌ಗಳು ಮತ್ತು ಉಕ್ಕಿನ ಕವಚ ಗುಜರಿಗೆ ಸಲ್ಲುತ್ತವೆ. ಒಳಗಿನ ಪಿವಿಸಿ ಕೊಳವೆಯನ್ನು ಹಂಡೆಯ ಒಲೆಗೆ ಹಾಕಬಾರದು. ಉರಿಯುವ ಪಿವಿಸಿಯಿಂದ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುವುದರಿಂದ ಅದನ್ನು ಒಣಕಸದೊಂದಿಗೆ ವಿಲೇವಾರಿ ಮಾಡಬೇಕು.